ಕನ್ನಡ ಸಾಲಿಯಿಂದ ಜಪಾನಿ ಭಾಷೆಗೆ

(ಗದಗಿನಲ್ಲಿ ಹಳೆಯ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ನಮ್ಮ ಗುರುಗಳು ಕೂತಿದ್ದಾರೆ. ಅವರಿಗೆ ಮೊದಲ ನಮಸ್ಕಾರ.

ನಾನು ಹೇಳಬೇಕೆಂದು ಬಂದಿರುವ ಮಾತು ಒಂದೇ. ಕನ್ನಡ ಸಾಲಿಯಲ್ಲಿ ಕಲಿತವರಿಗೆ ಜಪಾನಿ ಭಾಷೆ ಕಲಿಯಲು ಬೇಕಾದ ಅರ್ಧ ತಯಾರಿ ಆಗಲೇ ಆಗಿರುತ್ತದೆ. ಕಾಗುಣಿತ, ಉಕ್ತಲೇಖನ, ವಿಭಕ್ತಿ, ಲಘು-ಗುರು ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಉಪಯೋಗಕ್ಕೂ ಬರುವುದಿಲ್ಲ ಅಂತ ತಿಳಿದವರು ನಮ್ಮಲ್ಲಿ ಬಹಳ ಮಂದಿ. ಅವು ಬರುತ್ತವೆ. ಹೇಗೆ ಬರುತ್ತವೆ ಅಂತ ಒಂದೊಂದಾಗಿ ತೋರಿಸುತ್ತೇನೆ.

ನನ್ನ ಬಗ್ಗೆ ಎರಡು ಮಾತು ಸಾಕು. ಬೆಟಗೇರಿಯ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯಲ್ಲಿ ಏಳನೇತ್ತದವರೆಗೆ ಓದಿದವಳು. ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಲ್ಲಿಗೆ ಒಂದು ಸಲ ಜಪಾನಿನಿಂದ ಯಂತ್ರ ಬಂತು. ಅದರ ಕಟ್ಟಿಗೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಏನೋ ಬರೆದಿತ್ತು. ಕೆಲವು ಅಕ್ಷರ ಗುಂಡಗೆ, ಕೆಲವು ಮೂಲೆ ಮೂಲೆಯಾಗಿ, ಕೆಲವು ಪೂರ್ತಿ ಚಿತ್ರದ ಹಾಗೆ. ಒಂದೇ ಸಾಲಿನಲ್ಲಿ ಮೂರು ನಮೂನೆ ಅಕ್ಷರ ಯಾಕೆ ಅಂತ ತಿಳಿಯುವ ಆಸೆ ಆಯಿತು. ಅಷ್ಟೇ ಕಾರಣ. ಅಲ್ಲಿಂದ ಶುರುವಾಗಿದ್ದು ಈಗಲೂ ನಡೆದಿದೆ.

"ಯಾಕ್ರೀ, ಜಪಾನಿಗೆ ಹೊಂಟೀರೇನು?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಹೋಗುವ ಯೋಚನೆ ಇಲ್ಲ, ಕೆಲಸಕ್ಕೂ ಬೇಕಾಗಿಲ್ಲ. ಸಂಗೀತ ಕಲಿಯುವವರನ್ನು, ರಂಗೋಲಿ ಹಾಕುವವರನ್ನು ನಾವು ಹೀಗೆ ಕೇಳುವುದಿಲ್ಲ. ಭಾಷೆಯನ್ನೂ ಸಂತೋಷಕ್ಕಾಗಿ ಕಲಿಯಬಹುದು. ಭಾಷೆ ಅಂದರೆ ನೌಕರಿ ಅನ್ನುವ ಲೆಕ್ಕ ನಮಗೆ ಇಂಗ್ಲಿಷ್‌ನಿಂದ ಬಂದದ್ದು.

ಮೊದಲು ಅಕ್ಷರ. ಜಪಾನಿಯಲ್ಲಿ ಮೂರು ಲಿಪಿ. ಗುಂಡಗಿರುವುದು ಹಿರಗಾನ, ಮೂಲೆ ಮೂಲೆಯಾಗಿರುವುದು ಕತಕಾನ, ಚಿತ್ರದಂತಿರುವುದು ಕಾಂಜಿ. ಹಿರಗಾನದಲ್ಲಿ 46 ಮೂಲ ಅಕ್ಷರ, ಕತಕಾನದಲ್ಲೂ ಅಷ್ಟೇ. ದೇಸಿ ಪದ, ಪ್ರತ್ಯಯಗಳಿಗೆ ಹಿರಗಾನ. ಹೊರಗಿನಿಂದ ಬಂದ ಪದಗಳಿಗೆ, ನನ್ನ ನಿಮ್ಮ ಹೆಸರುಗಳಿಗೆ ಕತಕಾನ. ಎರಡೂ ಹುಟ್ಟಿದ್ದು ಚೀನಾದಿಂದ ಬಂದ ಕಾಂಜಿಯಿಂದಲೇ. ಹಿರಗಾನ ಕಾಂಜಿಯನ್ನು ಬೇಗ ಬೇಗ ಬರೆಯುತ್ತಾ ಬಂದಾಗ ಆದದ್ದು, ಕತಕಾನ ಕಾಂಜಿಯ ಒಂದು ತುಂಡನ್ನು ತೆಗೆದುಕೊಂಡು ಮಾಡಿದ್ದು.

ಈ 46 ಅಕ್ಷರಗಳನ್ನು ಜಪಾನಿ ಮಕ್ಕಳು ಒಂದು ಪಟ್ಟಿಯಾಗಿ ಕಲಿಯುತ್ತಾರೆ. ಆ ಪಟ್ಟಿ ಹೀಗಿದೆ, ಕೇಳಿ. ಮೊದಲ ಸಾಲು: ಅ ಇ ಉ ಎ ಒ. ಎರಡನೇ ಸಾಲು: ಕ ಕಿ ಕು ಕೆ ಕೊ. ಮೂರನೆಯದು: ಸ ಶಿ ಸು ಸೆ ಸೊ. ಆಮೇಲೆ ತ, ನ, ಹ, ಮ, ಯ, ರ, ವ. ಕೊನೆಗೆ ಒಂಟಿ ನ್.

ನನ್ನ ತಂಗಿಯ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಒಂದು ಸಂಜೆ ನಾನು ಈ ಪಟ್ಟಿ ಹರಡಿಕೊಂಡು ಕೂತಿದ್ದೆ. ಪಕ್ಕಕ್ಕೆ ಬಂದು ಒಂದು ಸಾಲು ಕೇಳಿಸಿಕೊಂಡಳು. "ದೊಡ್ಡವ್ವ, ಇದು ನಮ್ಮ ಕಾಗುಣಿತಾನ ಐತಲ್ಲ! ದೀರ್ಘ ಒಂದು ಬಿಟ್ಟಾರ ನೋಡು" ಅಂದಳು. ಮುಂದಿನ ಸಾಲುಗಳನ್ನು ನಾನು ಹೇಳುವ ಮೊದಲೇ ಅವಳೇ ಹೇಳುತ್ತಾ ಹೋದಳು. ಕೆಲವು ಸಾಲುಗಳಲ್ಲಿ ಮಾತ್ರ ತಡೆದೆ. ತ ಸಾಲಿನಲ್ಲಿ ತ, ಚಿ, ತ್ಸು, ತೆ, ತೊ ಅಂತ ಸ್ವಲ್ಪ ಬೇರೆ, ಹ ಸಾಲಿನಲ್ಲಿ ಹು ಬದಲು ಫು, ಯ ಮತ್ತು ವ ಸಾಲುಗಳಲ್ಲಿ ಅಕ್ಷರ ಕಡಿಮೆ.

ಇದು ಸುಮ್ನೆ ಕೂಡಿಬಂದದ್ದಲ್ಲ. ಕ, ಸ, ತ, ನ, ಹ, ಮ, ಯ, ರ, ವ ಅನ್ನುವ ಕ್ರಮವನ್ನು ನಮ್ಮ ವರ್ಣಮಾಲೆಯ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಕ ಆದಮೇಲೆ ಚ. ಅವರ ಸ ಇರುವುದು ಚ ಇರಬೇಕಾದ ಜಾಗದಲ್ಲಿ. ಅವರ ಹ ಇರುವುದು ಪ ಇರಬೇಕಾದ ಜಾಗದಲ್ಲಿ, ಯಾಕೆಂದರೆ ಹಳೆಯ ಜಪಾನಿಯಲ್ಲಿ ಅದು ಪ ಆಗಿಯೇ ಇತ್ತು. ಪ ಆದಮೇಲೆ ಮ, ಆಮೇಲೆ ಯ, ರ, ವ. ಬೌದ್ಧ ಭಿಕ್ಷುಗಳು ಮಂತ್ರ ಓದುವುದಕ್ಕಾಗಿ ಸಂಸ್ಕೃತದ ಅಕ್ಷರಗಳನ್ನು ಕಲಿಯುತ್ತಿದ್ದರು. ಸಿದ್ಧಂ ಅನ್ನುವ ಲಿಪಿಯ ಆ ಅಭ್ಯಾಸದಿಂದಲೇ ಜಪಾನಿಗರ ಅಕ್ಷರಗಳಿಗೆ ಈ ಕ್ರಮ ಬಂತು. ಭಾರತದಿಂದ ಹೊರಟ ಬೋಧಿಸೇನ ಅನ್ನುವ ಭಿಕ್ಷು 736ರಲ್ಲಿ ಜಪಾನ್ ತಲುಪಿದ. 752ರಲ್ಲಿ ನಾರಾ ಊರಿನ ತೋದೈಜಿ ದೇವಾಲಯದಲ್ಲಿ ದೊಡ್ಡ ಬುದ್ಧನ ಮೂರ್ತಿಗೆ ಕಣ್ಣು ಬರೆದವನು ಅವನೇ. ಆಮೇಲೆ ಕೂಕಾಯ್ ಅನ್ನುವ ಜಪಾನಿ ಭಿಕ್ಷು ಚೀನಾಕ್ಕೆ ಹೋಗಿ, ಸಿದ್ಧಂ ಕಲಿತು 806ರಲ್ಲಿ ಊರಿಗೆ ಮರಳಿದ. ಈಗಲೂ ತೋಕ್ಯೋದಲ್ಲಿ ಒಂದು ಮಗು ನಿಘಂಟು ತೆಗೆದರೆ ಪದಗಳು ಅ ಇ ಉ ಎ ಒ, ಕ ಕಿ ಕು ಅನ್ನುವ ಕ್ರಮದಲ್ಲೇ ಇರುತ್ತವೆ. ಬೆಟಗೇರಿಯ ಚಾಪೆಯ ಮೇಲೆ ಕೂತು ನಾವು ಕೂಗಿದ ಕ್ರಮ ಅದು.

ನಮ್ಮ ಒಂದನೇತ್ತದ ಅಕ್ಕೋರು "ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ, ಗುಡಿಸಿನ ದೀರ್ಘ ಕೀ" ಅಂತ ಹೇಳಿಸುತ್ತಿದ್ದರು. ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗುತ್ತಿತ್ತು. ಹ್ರಸ್ವ ಬೇರೆ, ದೀರ್ಘ ಬೇರೆ ಅಂತ ಕಿವಿಗೆ ಕೂತದ್ದು ಆವಾಗಲೇ. ಜಪಾನಿಯಲ್ಲಿ ಇದು ಬಹಳ ಮುಖ್ಯ. ಒಬಸನ್ ಅಂದರೆ ಅತ್ತೆ, ಚಿಗವ್ವ. ಒಬಾಸನ್ ಅಂತ ಎಳೆದರೆ ಅಜ್ಜಿ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆಚೀಟಿ. ಇಂಗ್ಲಿಷ್ ಮಾತಾಡುವವರು ಈ ಜಾಗದಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಅವರಿಗಾಗಿ ಬರೆದ ಪುಸ್ತಕಗಳಲ್ಲಿ ಇದಕ್ಕೇ ಪಾಠಗಳಿವೆ. ನಮಗೆ ಆ ಪಾಠ ಬೇಡ. ಎ-ಏ, ಒ-ಓ ವ್ಯತ್ಯಾಸ ಹಿಂದಿಯಲ್ಲಿ ಇಲ್ಲ, ಮರಾಠಿಯಲ್ಲಿ ಇಲ್ಲ, ನಮ್ಮಲ್ಲಿದೆ. ಒತ್ತಕ್ಷರವೂ ನಮ್ಮಲ್ಲಿದೆ.

ಕೊನೆಯ ಒಂಟಿ ನ್ ಇದೆಯಲ್ಲ, ಅದು ನಮ್ಮ ಅನುಸ್ವಾರ. ಮುಂದೆ ಪ, ಬ, ಮ ಬಂದರೆ ಮ್ ಆಗುತ್ತದೆ. ತ, ದ ಬಂದರೆ ನ್. ಕ, ಗ ಬಂದರೆ ಙ್. ಸಂಪು, ಸಂತೆ, ಸಂಗ ಅಂತ ಹೇಳಿ ನೋಡಿ, ನಾಲಿಗೆ ತಾನೇ ಜಾಗ ಬದಲಿಸುತ್ತದೆ. ಜಪಾನಿಯಲ್ಲಿ ಪತ್ರಿಕೆಗೆ ಶಿಂಬುನ್ ಅನ್ನುತ್ತಾರೆ. ಅದನ್ನು ಸೊನ್ನೆ ಹಾಕಿ ಕನ್ನಡದಲ್ಲಿ ಬರೆದರೆ ಉಚ್ಚಾರ ತಾನೇ ಸರಿಯಾಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಲಿಯುವಾಗ ಜಪಾನಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ಕನ್ನಡದಲ್ಲಿ ಬರೆದುಕೊಳ್ಳಿ. ನಮ್ಮ ಪತ್ರಿಕೆಗಳಲ್ಲಿ ಟೋಕಿಯೊ ಅಂತ ಅಚ್ಚಾಗುತ್ತದೆ. ಆ ಟ ಬಂದದ್ದು ಇಂಗ್ಲಿಷ್ ದಾರಿಯಿಂದ. ಜಪಾನಿಯಲ್ಲಿ ಟ ಇಲ್ಲ, ಡ ಇಲ್ಲ. ಅವರ ಉಚ್ಚಾರ ನಮ್ಮ ತ, ದ ಕಡೆಗೆ ಹತ್ತಿರ. ತೋಕ್ಯೋ ಅಂತ ಬರೆದುಕೊಂಡರೆ ನಾಲಿಗೆ ಸರಿಯಾದ ಜಾಗದಲ್ಲಿ ಕೂರುತ್ತದೆ.

ಈಗ ನನಗೆ ಬಹಳ ಪ್ರೀತಿಯ ಸಂಗತಿಗೆ ಬರುತ್ತೇನೆ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತದ್ದು ನೆನಪಿದೆಯಾ? ಪ್ರಸ್ತಾರ ಹಾಕುವುದು, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ ಇದ್ದದ್ದು ಗುರು, ವ್ಯಂಜನದಿಂದ ಮುಗಿಯುವುದು ಗುರು. ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ ಅಂತ ಇಲ್ಲಿನ ಎಲ್ಲರಿಗೂ ಗೊತ್ತು. ಮೂರು ನಾಲ್ಕು, ಮೂರು ನಾಲ್ಕು ಅಂತ ಬೆರಳು ಮಡಚುತ್ತಾ ನಾವು ಗಣ ಬಿಡಿಸಿದವರು.

ಜಪಾನಿ ಭಾಷೆ ನಡೆಯುವುದೇ ಮಾತ್ರೆಯ ಮೇಲೆ. ಪ್ರತಿ ಮಾತ್ರೆಗೂ ಹೆಚ್ಚುಕಡಿಮೆ ಒಂದೇ ಹೊತ್ತು. ನಿಪ್ಪೊನ್ ಅನ್ನುವುದನ್ನು ಜಪಾನಿಗರು ನಾಲ್ಕಾಗಿ ಎಣಿಸುತ್ತಾರೆ: ನಿ, ಪ್, ಪೊ, ನ್. ನಮ್ಮ ಲೆಕ್ಕದಲ್ಲಿ ಪ್ರಸ್ತಾರ ಹಾಕಿ: ನಿ ಗುರು, ಪ್ಪೊನ್ ಗುರು, ಒಟ್ಟು ನಾಲ್ಕು ಮಾತ್ರೆ. ತೋಕ್ಯೋ: ಎರಡು ಗುರು, ನಾಲ್ಕು. ಅವರೂ ನಾಲ್ಕು ಅನ್ನುತ್ತಾರೆ. ಓಸಕ: ಗುರು, ಲಘು, ಲಘು, ನಾಲ್ಕು. ಅರಿಗತೋ: ಮೂರು ಲಘು, ಒಂದು ಗುರು, ಐದು. ಸಯೋನರ ಐದು. ಕೊನ್ನಿಚಿವ ಐದು. ಒಂದಾದಮೇಲೆ ಒಂದು ಪದ ತೆಗೆದುಕೊಂಡು ನೋಡಿದೆ. ಎರಡೂ ಲೆಕ್ಕ ಕೂಡುತ್ತಲೇ ಹೋಯಿತು. ತಂಗಿಯ ಮಗಳು ಹುಬ್ಬಳ್ಳಿಗೂ ಪ್ರಸ್ತಾರ ಹಾಕಿದಳು. ಅದೂ ಐದು.

ಒಂದು ಕಡೆ ಎಚ್ಚರ ಬೇಕು. ಕ್ಯ, ತ್ಸು ಇವು ನಮ್ಮ ಲಿಪಿಯಲ್ಲಿ ಒತ್ತಕ್ಷರವಾಗಿ ಕಾಣುತ್ತವೆ, ಆದರೆ ಹಿಂದಿನ ಅಕ್ಷರವನ್ನು ಗುರು ಮಾಡುವುದಿಲ್ಲ. ಒಕ್ಯಕು ಅಂದರೆ ಅತಿಥಿ. ಅದಕ್ಕೆ ಮೂರೇ ಮಾತ್ರೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಇದೆಯಲ್ಲ, ಒತ್ತು ತೇಲಿಸಿ ಹೇಳುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ ಅಂತ? ಅದನ್ನು ನೆನಪಿಟ್ಟುಕೊಂಡರೆ ಸಾಕು. ಶಿಥಿಲದ್ವಿತ್ವ ಅನ್ನುವುದು ಬರೀ ಎರಡು ಅಂಕದ ಪ್ರಶ್ನೆ ಅಂತ ನಾವು ತಿಳಿದಿದ್ದೆವು. ನಮ್ಮ ಕನ್ನಡ ಸರ್ ಅದನ್ನು ಬೋರ್ಡಿನ ಮೇಲೆ ಎರಡು ಪಿರಿಯಡ್ ಬಿಡಿಸಿ ಹೇಳಿದ್ದರು. ಅವರು ಇವತ್ತು ಇಲ್ಲಿಗೆ ಬಂದಿದ್ದಾರೆ. ಸರ್, ಆ ಪಾಠ ನನಗೆ ಬೇಕಾಯಿತು.

ಹೈಕು ಅನ್ನುವ ಪುಟ್ಟ ಜಪಾನಿ ಕವಿತೆ ಅಂದರೆ 5, 7, 5. ಐದು, ಏಳು, ಐದು ಏನು? ಇಂಗ್ಲಿಷ್ ಶಾಲೆಗಳಲ್ಲಿ ಸಿಲೆಬಲ್ ಅಂತ ಕಲಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ಮಾತ್ರೆ ಅಂದರೆ ಸರಿ. ಇದನ್ನು ಹೇಳಲು ಇಂಗ್ಲಿಷ್‌ನವರು ಲ್ಯಾಟಿನ್‌ನಿಂದ ಮೋರಾ ಅನ್ನುವ ಪದ ತರಬೇಕಾಯಿತು. ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಅದು ಗೊತ್ತು.

ವ್ಯಾಕರಣಕ್ಕೆ ಬರೋಣ. ಮರವು, ಮರವನ್ನು, ಮರದಿಂದ, ಮರಕ್ಕೆ, ಮರದ, ಮರದಲ್ಲಿ ಅಂತ ಬಾಯಿಪಾಠ ಮಾಡಿದ್ದೇವೆ. ಜಪಾನಿಯಲ್ಲಿ ಮರಕ್ಕೆ ಕಿ. ಕಿ ಗ, ಕಿ ಒ, ಕಿ ಕರ, ಕಿ ನಿ, ಕಿ ನೊ, ಕಿ ದೆ. ಪದ ಮೊದಲು, ಪ್ರತ್ಯಯ ಆಮೇಲೆ, ಕ್ರಿಯಾಪದ ಕೊನೆಗೆ. "ವತಶಿ ವ ದೆನ್ಶ ದೆ ಹುಬ್ಬಳ್ಳಿ ನಿ ಇಕಿಮಸು." ನಾನು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುತ್ತೇನೆ. ಒಂದು ಪದವೂ ಜಾಗ ಬಿಟ್ಟು ಕದಲಿಲ್ಲ. "ಕಿನೋ ಹಹ ಗ ತ್ಸುಕುತ್ತ ರೊಟ್ಟಿ." ನಿನ್ನೆ ಅವ್ವ ಮಾಡಿದ ರೊಟ್ಟಿ. ಇದನ್ನೇ ಇಂಗ್ಲಿಷಿಗೆ ತಿರುಗಿಸಿದರೆ ರೊಟ್ಟಿ ಮೊದಲು ಬಂದು ನಿನ್ನೆ ಕೊನೆಗೆ ಹೋಗುತ್ತದೆ. ಹಾಗಿರುವಾಗ ಇಂಗ್ಲಿಷ್ ಪುಸ್ತಕ ಹಿಡಿದು ಜಪಾನಿ ಕಲಿಯುವವರು ಕನ್ನಡದಿಂದ ತಲೆಕೆಳಗಾಗಿ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮತ್ತೆ ತಲೆಕೆಳಗಾಗಿ ಜಪಾನಿಗೆ ಬರುತ್ತಾರೆ. ಎರಡು ಸಲ ತಿರುಗುವ ಕಷ್ಟ ಯಾಕೆ?

ಕೂಡುಕ್ರಿಯೆಗಳನ್ನು ನೋಡಿದರೆ ಇನ್ನೂ ಸಂತೋಷ ಆಗುತ್ತದೆ. ನಾವು ತಿಂದು ನೋಡು, ಮಾಡಿ ನೋಡು ಅನ್ನುತ್ತೇವೆ. ಕಣ್ಣಿಂದ ನೋಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ, ಪ್ರಯತ್ನ ಮಾಡು ಅಂತ ಅರ್ಥ. ಜಪಾನಿಗರೂ ತಬೆತೆ ಮಿರು ಅನ್ನುತ್ತಾರೆ. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ನಾವು ನಾಳೆಗೆ ಬೇಕಾಗುತ್ತದೆ, ಇವತ್ತೇ ತಂದಿಡು ಅನ್ನುತ್ತೇವೆ. ಅವರಲ್ಲೂ ಕತ್ತೆ ಒಕು, ಕೊಂಡು ಇಡು. ಪ್ರಶ್ನೆ ಕೇಳಬೇಕಾದರೆ ವಾಕ್ಯದ ಕೊನೆಗೆ ಕ ಸೇರಿಸಿದರೆ ಮುಗಿಯಿತು, ನಾವು ಬರುತ್ತೀರಾ ಅಂತ ಕೊನೆಯನ್ನು ಎಳೆಯುವ ಹಾಗೆ. ಮಾತಿನ ತುದಿಗೆ ನಾವು ಅಲ್ವಾ ಹಚ್ಚುವ ಕಡೆ ಅವರು ನೆ ಹಚ್ಚುತ್ತಾರೆ.

ಹಾಗಾದರೆ ಎರಡೂ ಭಾಷೆ ಅಣ್ಣತಮ್ಮಂದಿರಾ? ಈ ಪ್ರಶ್ನೆ ಎದ್ದೇ ಏಳುತ್ತದೆ. ಸುಸುಮು ಓನೊ ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನನಗೂ ಒಪ್ಪದಿರುವುದೇ ಸರಿ ಅನ್ನಿಸುತ್ತದೆ. ಕೊರಿಯನ್, ಟರ್ಕಿ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯ ಹಿಂದೆಯೇ ಬರುತ್ತದೆ. ಮನೆಯ ನಕ್ಷೆ ಒಂದೇ ಆದ ಮಾತ್ರಕ್ಕೆ ಮನೆಯವರು ನೆಂಟರಾಗುವುದಿಲ್ಲ. ನಂಟಿಲ್ಲದಿದ್ದರೂ ಕಲಿಯುವವರಿಗೆ ಲಾಭ ಲಾಭವೇ.

ಇನ್ನು ನಮ್ಮ ಕಡೆಯವರಿಗೇ ಸಿಗುವ ಒಂದು ಲಾಭ ಇದೆ. ಅದು ನಮ್ಮ ರೀ. ಮೈಸೂರು ಕಡೆಯವರು ಬನ್ನಿ, ಹೋಗಿ ಅಂತ ಗೌರವ ಕೊಡುತ್ತಾರೆ. ಅಲ್ಲಿ ಗೌರವ ಬರುವವರಿಗೆ, ಹೋಗುವವರಿಗೆ. ನಾವು ಏನು ಮಾಡುತ್ತೇವೆ? "ಮಳಿ ಬಂತ್ರಿ" ಅನ್ನುತ್ತೇವೆ. "ಬಸ್ ಹೋತ್ರಿ" ಅನ್ನುತ್ತೇವೆ. ಮಳೆಗೆ ಗೌರವ ಕೊಟ್ಟೆವಾ? ಇಲ್ಲ. ಕೇಳುತ್ತಾ ಎದುರಿಗೆ ನಿಂತವರಿಗೆ ಕೊಟ್ಟೆವು. ಮಾತಿನಲ್ಲಿ ಅವರು ಬರುವುದೇ ಇಲ್ಲ, ಆದರೂ ಗೌರವ ಅವರಿಗೆ. ಜಪಾನಿಯಲ್ಲಿ ಕ್ರಿಯಾಪದದ ತುದಿಗೆ ಬರುವ ಮಸು (ಆಗಿಹೋದದ್ದಕ್ಕೆ ಮಶಿತ) ಇದೇ ಕೆಲಸ ಮಾಡುತ್ತದೆ. ಗೆಳತಿಗೆ ಹೇಳುವಾಗ ಅಮೆ ಗ ಫುತ್ತ. ಮಳೆ ಬಂತು. ಹಿರಿಯರಿಗೆ, ಹೊಸಬರಿಗೆ ಹೇಳುವಾಗ ಅಮೆ ಗ ಫುರಿಮಶಿತ. ಮಳಿ ಬಂತ್ರಿ. ಎಷ್ಟೋ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ವಿಷಯವನ್ನು ಧಾರವಾಡ, ಗದಗ, ಹಾವೇರಿಯ ಯಾರೇ ಆಗಲಿ ಒಂದು ನಿಮಿಷದಲ್ಲಿ ತಿಳಿದುಕೊಳ್ಳುತ್ತಾರೆ. ಇಬ್ಬರು ಅಕ್ಕಪಕ್ಕ ನಿಂತಿರುವಾಗ ಒಬ್ಬರಿಗೆ ರೀ ಹಚ್ಚಿ, ತಿರುಗಿ ತಂಗಿಗೆ ರೀ ಇಲ್ಲದೆ ಅದೇ ಮಾತು ಹೇಳುವುದು ನಮಗೆ ಉಸಿರಾಡಿದಷ್ಟು ಸುಲಭ. ಅದನ್ನು ಹಾಗೇ ಜಪಾನಿಗೆ ಒಯ್ಯಬಹುದು. ರೀ ಅನ್ನುವುದು ಹಳ್ಳಿ ಮಾತು, ಬೆಂಗಳೂರಿನಲ್ಲಿ ಬಿಡಬೇಕು ಅಂತ ಮಕ್ಕಳಿಗೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಎದೆ ಡವಡವ, ಮಳೆ ಜಿಟಿಜಿಟಿ, ಮಾತು ಗುಸುಗುಸು, ಪಾತ್ರೆ ಪಳಪಳ. ಜಪಾನಿಯಲ್ಲಿ ಇವು ದೊಕಿದೊಕಿ, ಶಿತೊಶಿತೊ, ಹಿಸೊಹಿಸೊ, ಪಿಕಪಿಕ. ಇಂಥ ಜೋಡಿಪದ ಅಲ್ಲಿ ರಾಶಿ ರಾಶಿ ಇವೆ. ವೈದ್ಯರ ಹತ್ತಿರ ಹೋದರೂ ನೋವನ್ನು ಜುಕಿಜುಕಿ, ಚಿಕುಚಿಕು ಅಂತಲೇ ಹೇಳುತ್ತಾರೆ. ತಲೆ ಧಿಮ್ ಧಿಮ್ ಅನ್ನುತ್ತದೆ ಅಂತ ನಮ್ಮ ಅವ್ವಂದಿರು ಹೇಳುವುದು ಇದೇ ಅಲ್ವಾ.

ಸುಲಭವಲ್ಲದ್ದೂ ಇದೆ. ಅದು ಕಾಂಜಿ. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಕಾಂಜಿ ಇವೆ. ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ ಮಕ್ಕಳು 1,026 ಕಲಿಯುತ್ತಾರೆ. ಒಂದನೇ ಕ್ಲಾಸಿಗೆ 80. ಎಷ್ಟೋ ಕಾಂಜಿಗಳಿಗೆ ಎರಡು ಮೂರು ಓದು. ಚೀನೀ ಮೂಲದ್ದು ಒಂದು, ದೇಸಿ ಇನ್ನೊಂದು. ಬೆಟ್ಟದ ಕಾಂಜಿಯನ್ನು ಒಂಟಿಯಾಗಿದ್ದಾಗ ಯಮ ಅಂತ ಓದಿದರೆ, ಫುಜಿ ಬೆಟ್ಟದ ಹೆಸರಿನಲ್ಲಿ ಸನ್ ಅಂತ ಓದಬೇಕು.

ಇಲ್ಲಿ ಅಡ್ಡದಾರಿ ಇಲ್ಲ. ಆದರೆ ದಾರಿ ಗೊತ್ತಿರುವುದೇ. ಪಾಟಿಯ ಮೇಲೆ ಅಕ್ಕೋರು ದೊಡ್ಡದಾಗಿ ಅ ಬರೆದು ಕೊಡುತ್ತಿದ್ದರು. ಅದರ ಮೇಲೆ ಬಳಪದಿಂದ ತಿದ್ದಿ ತಿದ್ದಿ ಅಕ್ಷರ ಹೆಬ್ಬೆರಳಿನಷ್ಟು ದಪ್ಪ ಆಗುತ್ತಿತ್ತು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ತಿರುಗಬೇಕು ಅಂತ ಕೈ ಹಿಡಿದು ತೋರಿಸುತ್ತಿದ್ದರು. ಕಾಂಜಿಗೂ ಅದೇ. ಗೆರೆಗೆ ಕ್ರಮ ಇದೆ: ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ಮರದ ಕಾಂಜಿಗೆ ನಾಲ್ಕು ಗೆರೆ. ಮೊದಲು ಅಡ್ಡ ಗೆರೆ. ಆಮೇಲೆ ಅದನ್ನು ಸೀಳಿ ನೆಟ್ಟಗೆ ಇಳಿಯುವ ಗೆರೆ. ಆಮೇಲೆ ಎಡಕ್ಕೆ ಜಾರುವ ಕೊಂಬೆ, ಕೊನೆಗೆ ಬಲಕ್ಕೆ ಜಾರುವ ಕೊಂಬೆ. ಎರಡು ಮರ ಪಕ್ಕಪಕ್ಕ ಬರೆದರೆ ತೋಪು. ಮೂರು ಬರೆದರೆ ಕಾಡು. ಮರದ ಪಕ್ಕ ಒಬ್ಬ ಮನುಷ್ಯನನ್ನು ಬರೆದರೆ ವಿಶ್ರಾಂತಿ.

ಬರೆಯಲು ನಮ್ಮ ಗಣಿತದ ಚೌಕಳಿ ವಹಿ ಬಹಳ ಅನುಕೂಲ. ಜಪಾನಿ ಮಕ್ಕಳೂ ಚೌಕದ ವಹಿಯಲ್ಲೇ ಬರೆಯುತ್ತಾರೆ, ಒಂದು ಚೌಕಕ್ಕೆ ಒಂದು ಅಕ್ಷರ. ನಮ್ಮ ಚೌಕ ಸಣ್ಣದು, ಹಾಗಾಗಿ ನಾಲ್ಕು ಚೌಕ ಸೇರಿಸಿ ಒಂದು ಅಕ್ಷರ ಬರೆಯಿರಿ. ನಡುವಿನ ಅಡ್ಡ ಉದ್ದ ಗೆರೆಗಳಿಂದ ಅಕ್ಷರದ ತೂಕ ಎಡಕ್ಕೆ ವಾಲಿತೋ ಬಲಕ್ಕೋ ತಕ್ಷಣ ಕಾಣುತ್ತದೆ. ನಾನು ಗದಗಿನಿಂದ ಹುಬ್ಬಳ್ಳಿಗೆ ದಿನಾ ರೈಲಿನಲ್ಲಿ ಓಡಾಡುವವಳು. ರೈಲು ಅಲುಗಾಡುವಾಗ ಬರೆಯಲು ಆಗುವುದಿಲ್ಲ. ಹುಲಕೋಟಿ ದಾಟುವವರೆಗೆ ಓದುತ್ತೇನೆ, ಆಮೇಲೆ ವಹಿ ಮುಚ್ಚಿ ಬೆರಳಿನಿಂದ ಅಂಗೈ ಮೇಲೆ ಗೆರೆ ಎಳೆಯುತ್ತೇನೆ. ಅಣ್ಣಿಗೇರಿಯಲ್ಲಿ ರೈಲು ನಿಂತಾಗ ಬೇಗ ಬೇಗ ವಹಿಯಲ್ಲಿ ಬರೆದು ಸರಿಯಿದೆಯಾ ಅಂತ ನೋಡಿಕೊಳ್ಳುತ್ತೇನೆ. ನೋಡದೆ ಬರೆಯುವುದೇ ಉಕ್ತಲೇಖನ. ಕೈಗೆ ಬಂದದ್ದು ಮರೆಯುವುದಿಲ್ಲ ಅಂತ ನಮ್ಮ ಅಕ್ಕೋರು ಹೇಳುತ್ತಿದ್ದರು. ಮೊಬೈಲಿನಲ್ಲಿ ಬರೀ ನೋಡಿ ಕಲಿತ ಕಾಂಜಿ ಬೇಗ ಹಾರಿಹೋಗುತ್ತವೆ, ಬರೆದು ಕಲಿತವು ಉಳಿಯುತ್ತವೆ. ಇದು ನನ್ನ ಅನುಭವ.

ಜಪಾನಿ ಪಾಠಗಳಲ್ಲಿ ಶಾಲೆಯ ವಿಷಯ ಜಾಸ್ತಿ ಬರುತ್ತದೆ. ಅಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಸರಿ ಉತ್ತರಕ್ಕೆ ಗುರುಗಳು ಕೆಂಪು ಸೊನ್ನೆ ಸುತ್ತುತ್ತಾರೆ, ಬಹಳ ಚೆನ್ನಾಗಿದ್ದರೆ ಆ ಸೊನ್ನೆಯ ಸುತ್ತ ಹೂವಿನ ದಳ ಬರೆಯುತ್ತಾರೆ. ನಾವು ಸರಿ ಅಂತ ಹಾಕುವ ರೈಟ್ ಮಾರ್ಕನ್ನು ಅಲ್ಲಿ ತಪ್ಪಿಗೂ ಹಾಕುವುದುಂಟು. ಮಧ್ಯಾಹ್ನದ ಊಟವನ್ನು ಮಕ್ಕಳೇ ಬಡಿಸುತ್ತಾರೆ. ಊಟ ಬಡಿಸಲು ಪಾಳಿ, ಬೋರ್ಡ್ ಒರೆಸಲು ಪಾಳಿ. ಕ್ಲಾಸು, ಕಾರಿಡಾರು, ಎಷ್ಟೋ ಶಾಲೆಗಳಲ್ಲಿ ಶೌಚಾಲಯ ಕೂಡ ಮಕ್ಕಳೇ ಸ್ವಚ್ಛ ಮಾಡುತ್ತಾರೆ.

ಆ ಪಾಠ ಓದುವಾಗ ನನಗೆ ಹಳೆಯ ಒಂದು ವಿಷಯ ನೆನಪಾಗಿ ನೋವಾಯಿತು. ಕಸ ಹೊಡೆಯುವ ಪಾಳಿ ನಮ್ಮ ಕಾಲದಲ್ಲೂ ಇತ್ತು. ಎಲ್ಲರಿಗೂ ಬರಬೇಕು ಅಂತಲೇ ನಿಯಮ. ಆದರೆ ಎಲ್ಲರಿಗೂ ಬರುತ್ತಿರಲಿಲ್ಲ. ಯಾವ ಓಣಿಯ ಹುಡುಗಿಯರ ಕೈಗೆ ಕಸಬರಿಗೆ ಹೋಗುತ್ತಿತ್ತು, ಯಾವ ಓಣಿಯವರ ಕೈಗೆ ಕುಡಿಯುವ ನೀರಿನ ಕೊಡ ಹೋಗುತ್ತಿತ್ತು ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಕ್ಕಳು ಶಾಲೆ ಗುಡಿಸುವುದು ಸರಿಯೋ ತಪ್ಪೋ ಅಂತ ನಮ್ಮಲ್ಲಿ ಆಗಾಗ ಜಗಳ ಆಗುತ್ತದೆ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಪಾಳಿಯದು. ಶಿಕ್ಷಕರೂ ಸೇರಿ, ಪ್ರತಿಯೊಬ್ಬರಿಗೂ ಪಾಳಿ ಬಂದರೆ ಮಾತ್ರ ಅದು ಪಾಠ ಆಗುತ್ತದೆ. ಇಲ್ಲದಿದ್ದರೆ ಮಾಡಿಸಲೇಬಾರದು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಕನ್ನಡ ಸಾಲಿಯಲ್ಲಿ ಇರುವವರೆಗೆ ನಾವೆಲ್ಲ ಜಾಣೆಯರೇ. ಪಿಯುಸಿಗೆ ಹೋದ ಮೊದಲ ವಾರ ಒಂದೇ ಸಲ ದಡ್ಡಿಯರಾದೆವು. ವಿಜ್ಞಾನ ಇಂಗ್ಲಿಷ್‌ನಲ್ಲಿ, ಪ್ರಶ್ನೆ ಇಂಗ್ಲಿಷ್‌ನಲ್ಲಿ. "ಕನ್ನಡ ಸಾಲಿಯವರು ಹಿಂದಿನ ಬೆಂಚಿಗೆ ಕೂಡ್ರಿ" ಅಂದವರೂ ಇದ್ದರು. ಆ ವರ್ಷ ನನ್ನ ಜೊತೆಗಿದ್ದ ಎಷ್ಟೋ ಗೆಳತಿಯರು ಓದು ಬಿಟ್ಟರು. ಅವರಲ್ಲಿ ಮಗ್ಗಿಯನ್ನು ನನಗಿಂತ ಬೇಗ ಹೇಳುವವರಿದ್ದರು. ಕನ್ನಡ ಸಾಲಿ ನಮಗೆ ಏನೂ ಕೊಡಲಿಲ್ಲ ಅಂತ ನಂಬಿಸಿದ್ದೇ ಆ ದಿನಗಳ ದೊಡ್ಡ ಅನ್ಯಾಯ. ಜಪಾನಿ ಕಲಿಯುತ್ತಾ ಒಂದೊಂದೇ ಪಾಠ ದಾಟುವಾಗ, ಇದು ನಮಗೆ ಕಲಿಸಿದ್ದಾರೆ, ಇದೂ ಕಲಿಸಿದ್ದಾರೆ ಅಂತ ಅನ್ನಿಸುತ್ತಾ ಹೋಯಿತು. ಹೊಸ ಭಾಷೆ ಕಲಿಯುವ ಸಾಮರ್ಥ್ಯ ನಮ್ಮ ಕೈಯಲ್ಲಿ ಇತ್ತು. ಅದನ್ನು ಇಂಗ್ಲಿಷ್ ಕಲಿಸುವಾಗ ಯಾರೂ ಬಳಸಿಕೊಳ್ಳಲಿಲ್ಲ.

ಪ್ರಶ್ನೆಗಳು ಬಂದವು. ಮುಖ್ಯವಾದವನ್ನು ಬರೆಯುತ್ತೇನೆ.

ಒಬ್ಬ ಕಾಲೇಜು ಹುಡುಗ ಪರೀಕ್ಷೆಯ ಬಗ್ಗೆ ಕೇಳಿದ. ಜಪಾನಿ ಎಷ್ಟು ಬರುತ್ತದೆ ಅಂತ ಅಳೆಯುವ, 1984ರಿಂದ ನಡೆಯುತ್ತಿರುವ ಜೆಎಲ್‌ಪಿಟಿ ಅನ್ನುವ ಪರೀಕ್ಷೆ ಇದೆ. 2010ರಿಂದ ಅದಕ್ಕೆ ಐದು ಹಂತ. ಎನ್5 ಸುಲಭದ್ದು, ಎನ್1 ಕಷ್ಟದ್ದು. ಜುಲೈ ಮತ್ತು ಡಿಸೆಂಬರ್ ತಿಂಗಳಲ್ಲಿ ನಡೆಯುತ್ತದೆ. ನಮ್ಮ ರಾಜ್ಯದವರು ಬೆಂಗಳೂರಿನಲ್ಲಿ ಬರೆಯಬಹುದು. ಅದರಲ್ಲಿ ಓದುವುದು, ಕೇಳಿಸಿಕೊಳ್ಳುವುದು, ಪದ, ವ್ಯಾಕರಣ ಇವೆ. ಮಾತಾಡುವ ಪರೀಕ್ಷೆ ಇಲ್ಲ, ಕೈಯಿಂದ ಬರೆಯುವುದೂ ಇಲ್ಲ. ಹಾಗಾಗಿ ಪರೀಕ್ಷೆಯನ್ನು ನಂಬಿ ಕೂತರೆ ಮಾತು ಬರುವುದಿಲ್ಲ. ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಓದುತ್ತಾ ಕಲಿಯಬೇಕು.

ಉಚ್ಚಾರದಲ್ಲಿ ನಮಗೆ ಕಷ್ಟ ಆಗುವುದು ಏನೂ ಇಲ್ಲವೇ ಅಂತ ಒಬ್ಬ ಅಕ್ಕೋರು ಕೇಳಿದರು. ಇದೆ. ಜಪಾನಿಯಲ್ಲಿ ದನಿಯ ಏರಿಳಿತದಿಂದ ಅರ್ಥ ಬದಲಾಗುತ್ತದೆ. ಹಶಿ ಅನ್ನುವುದನ್ನು ತೋಕ್ಯೋದವರು ಮೊದಲು ಏರಿಸಿ ಇಳಿಸಿದರೆ ಊಟದ ಕಡ್ಡಿ, ಮೊದಲು ತಗ್ಗಿಸಿ ಏರಿಸಿದರೆ ಸೇತುವೆ. ಕನ್ನಡದಲ್ಲಿ ಇದು ಇಲ್ಲ. ಇದಕ್ಕೆ ಪುಸ್ತಕ ಸಾಲದು, ರೇಡಿಯೋ ಕೇಳಬೇಕು. ಜಪಾನಿನ ಎನ್‌ಎಚ್‌ಕೆ ವಾರ್ತೆ ಇಂಟರ್ನೆಟ್‌ನಲ್ಲಿ ಸಿಗುತ್ತದೆ.

ಮಕ್ಕಳಿಗೆ ಯಾವಾಗ ಕಲಿಸಬಹುದು ಅಂತ ಇನ್ನೊಬ್ಬರು ಕೇಳಿದರು. ಎಂಟನೇ ಕ್ಲಾಸಿನಲ್ಲಿ, ವಿಭಕ್ತಿ ಮತ್ತು ಲಘು-ಗುರು ಪಾಠ ಮುಗಿದ ಮೇಲೆ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಮೊದಲು ಕನ್ನಡವೇ ಗಟ್ಟಿಯಾಗಲಿ. ಕನ್ನಡದ ಮೂಲಕ ಜಪಾನಿ ಕಲಿಸುವ ಒಂದು ಸಣ್ಣ ಪಾಠಪಟ್ಟಿ ನಾನು ಬರೆದಿಟ್ಟಿದ್ದೇನೆ. ಶಿಕ್ಷಕರು ಯಾರು ಕೇಳಿದರೂ ಝೆರಾಕ್ಸ್ ಮಾಡಿ ಕೊಡುತ್ತೇನೆ. ಕಲಿಯುವ ಆಸೆ ಇದ್ದವರು ಭಾನುವಾರ ಬೆಳಿಗ್ಗೆ ನಮ್ಮ ಮನೆಗೇ ಬರಬಹುದು, ವಯಸ್ಸು ಎಷ್ಟಾದರೂ ಆಗಲಿ. ಬರುವಾಗ ಒಂದು ಚೌಕಳಿ ವಹಿ, ಒಂದು ಪೆನ್ಸಿಲ್ ತನ್ನಿ. ಮೊದಲ ದಿನ ಐದೇ ಅಕ್ಷರ: ಅ, ಇ, ಉ, ಎ, ಒ.